ಚಂದಾ ರಸೀದಿಯಲ್ಲಿ ಲಾಗಿನ್ ಖಾತೆಯ ಹೆಸರೂ ಇರಲಿ

ಮಾನ್ಯರೇ,

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗಾಗಿ ಚಿಕ್ಕದೊಂದು ರೀಡಿಂಗ್ ರೂಮ್ ನಡೆಸುತ್ತಿರುವ ನನಗೆ, ಆ್ಯಪ್‌ಗಳಲ್ಲಿನ ‘ಗೂಗಲ್ ಮೂಲಕ ಲಾಗಿನ್’, ‘ಫೇಸ್‌ಬುಕ್ ಮೂಲಕ ಲಾಗಿನ್’ ಎಂಬ ಗುಂಡಿಗಳಿಂದ ಮಕ್ಕಳು ಪಡುವ ಪಾಡು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ.

ಕಳೆದ ತಿಂಗಳು ಹಾವೇರಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಬದಲಿಸಿದಳು. ಮಾದರಿ ಪರೀಕ್ಷೆಗಳಿಗೆಂದು ವರ್ಷದ ಚಂದಾ ಕಟ್ಟಿದ್ದ ಆ್ಯಪನ್ನು ಹೊಸ ಫೋನಿನಲ್ಲಿ ತೆರೆದಾಗ ಗೂಗಲ್, ಫೇಸ್‌ಬುಕ್, ಮೊಬೈಲ್ ಸಂಖ್ಯೆ ಎಂಬ ಮೂರು ಗುಂಡಿಗಳು ಕಾಣಿಸಿದವು. ಮೊಬೈಲ್ ಸಂಖ್ಯೆ ಹಾಕಿದಳು, ಒಟಿಪಿಯೂ ಬಂತು. ಒಳಗೆ ಹೋದರೆ ‘ಹೊಸ ಸದಸ್ಯರಿಗೆ ಸ್ವಾಗತ’ ಎಂಬ ಸಾಲು. ಆರು ತಿಂಗಳು ಬರೆದ ಪರೀಕ್ಷೆಗಳ ಅಂಕಗಳೂ ಇಲ್ಲ, ಚಂದಾ ಕಟ್ಟಿದ ಗುರುತೂ ಇಲ್ಲ. ಅಣ್ಣ ಮಾಡಿಕೊಟ್ಟಿದ್ದ ಜಿಮೇಲ್, ಪಿಯುಸಿ ಹೊತ್ತಿಗೆ ಸೈಬರ್ ಸೆಂಟರಿನವರು ತೆರೆದುಕೊಟ್ಟಿದ್ದ ಜಿಮೇಲ್, ಎರಡನ್ನೂ ಹಾಕಿ ನೋಡಿದೆವು. ಹಳೆಯ ಫೋನಿನ ಒಂದು ಸ್ಕ್ರೀನ್‌ಶಾಟ್‌ನಿಂದ ಕೊನೆಗೆ ತಿಳಿಯಿತು: ಅವಳು ಲಾಗಿನ್ ಆಗಿದ್ದು ಡಿಗ್ರಿ ಕಾಲೇಜು ಕೊಟ್ಟಿದ್ದ ಇಮೇಲ್‌ನಿಂದ. ಕೋರ್ಸ್ ಮುಗಿದ ಮೇಲೆ ಕಾಲೇಜು ಅದನ್ನು ಮುಚ್ಚಿತ್ತು. ಮೆಸ್ಸಿಗೆಂದು ತೆಗೆದಿಟ್ಟ ಹಣದಲ್ಲಿ ಅವಳು ಎರಡನೇ ಬಾರಿ ಚಂದಾ ಕಟ್ಟಿದ್ದನ್ನು ನೋಡಿ ಬಹಳ ನೋವಾಯಿತು.

ಈ ವ್ಯವಸ್ಥೆಯೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸರಿಯಾಗಿ ಅಳವಡಿಸಿದಲ್ಲಿ ನಮ್ಮ ಪಾಸ್‌ವರ್ಡ್ ಆ್ಯಪ್‌ನ ಕೈಗೆ ಸಿಗುವುದೇ ಇಲ್ಲ. ಇವರು ಇಂಥವರೇ ಹೌದು ಎಂದು ತಿಳಿಸುವ ಟೋಕನ್ ಒಂದನ್ನಷ್ಟೇ ಗೂಗಲ್ ಅದಕ್ಕೆ ಕೊಡುತ್ತದೆ. ಹತ್ತು ಆ್ಯಪ್‌ಗಳಿಗೆ ಒಂದೇ ಪಾಸ್‌ವರ್ಡ್ ಇಟ್ಟುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಲಾಗಿನ್ ಪುಟವು ಆ್ಯಪ್‌ನ ಒಳಗೇ ತೆರೆದುಕೊಂಡರೆ ಅದು ನಿಜವಾಗಿಯೂ ಗೂಗಲ್‌ನದೇ ಎಂದು ನೋಡಿಕೊಳ್ಳಲು ವಿಳಾಸ ಕಾಣಿಸುವುದಿಲ್ಲ, ಟೈಪ್ ಮಾಡಿದ ಪಾಸ್‌ವರ್ಡನ್ನು ಆ ಆ್ಯಪ್ ಓದಿಕೊಳ್ಳಲೂಬಹುದು. ಈ ಪುಟವನ್ನು ಫೋನಿನ ಬ್ರೌಸರ್‌ನಲ್ಲೇ ತೆರೆಯಬೇಕೆಂದು ಆರ್‌ಎಫ್‌ಸಿ 8252 ಎಂಬ ಅಂತರರಾಷ್ಟ್ರೀಯ ತಾಂತ್ರಿಕ ಮಾರ್ಗಸೂಚಿ 2017ರಲ್ಲೇ ಹೇಳಿದೆ. ಫೋಟೊ ತಿದ್ದುವ ಆ್ಯಪ್, ಆಟದ ಆ್ಯಪ್ ಎಂಬ ಸೋಗಿನಲ್ಲಿ ಫೇಸ್‌ಬುಕ್ ಲಾಗಿನ್ ಕೇಳಿ ಪಾಸ್‌ವರ್ಡ್ ಕದಿಯುವ 400ಕ್ಕೂ ಹೆಚ್ಚು ಆ್ಯಪ್‌ಗಳನ್ನು ಪತ್ತೆ ಹಚ್ಚಿರುವುದಾಗಿ ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾ ಕಂಪನಿಯೇ 2022ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತ್ತು. ಹೀಗಿರುವಾಗ ಯಾವುದು ಅಸಲಿ ಪುಟ, ಯಾವುದು ನಕಲಿ ಎಂದು ಗುರುತಿಸುವ ಭಾರವನ್ನೆಲ್ಲ ಹಳ್ಳಿಯಿಂದ ಓದಲು ಬಂದ ಮಕ್ಕಳ ಮೇಲೆ ಹಾಕುವುದು ನ್ಯಾಯವಲ್ಲ.

ಹೆಸರು ಮತ್ತು ಇಮೇಲ್ ಸಾಕಾಗುವ ಕಡೆ ಫೋನಿನಲ್ಲಿರುವ ಎಲ್ಲರ ನಂಬರುಗಳನ್ನು ಕೇಳುವ ಆ್ಯಪ್‌ಗಳೂ ಇವೆ. ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಟೆಲಿಮೆಡಿಸಿನ್ ಆ್ಯಪ್‌ಗೆ ಸಂಪರ್ಕ ಪಟ್ಟಿಯ ಅಗತ್ಯವಿಲ್ಲವೆಂಬುದನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಉದಾಹರಣೆಯಾಗಿ ಕೊಟ್ಟಿದೆ. ಪರೀಕ್ಷಾ ತಯಾರಿಯ ಆ್ಯಪ್‌ಗೆ ಅದು ಏಕೆ ಬೇಕು?

ಹುಬ್ಬಳ್ಳಿ–ಧಾರವಾಡದ ಹಲವು ತರಬೇತಿ ಸಂಸ್ಥೆಗಳು ಈಗ ತಮ್ಮದೇ ಆ್ಯಪ್ ಮಾಡಿಸುತ್ತಿವೆ. ಲಾಗಿನ್ ಆದ ಮೊದಲ ದಿನವೇ ಮೊಬೈಲ್ ಸಂಖ್ಯೆಯನ್ನೂ ಅದೇ ಖಾತೆಗೆ ಜೋಡಿಸಿಕೊಳ್ಳುವ ಅವಕಾಶವನ್ನು ಅವರು ಕೊಡಲಿ. ಚಂದಾ ಕಟ್ಟಿದಾಗ ಬರುವ ರಸೀದಿಯಲ್ಲಿ ಮೊತ್ತದ ಜೊತೆಗೆ ಯಾವ ಇಮೇಲ್‌ನಿಂದ, ಯಾವ ಗುಂಡಿಯ ಮೂಲಕ ಲಾಗಿನ್ ಆಗಿದ್ದೀರಿ ಎಂಬುದನ್ನೂ ನಮೂದಿಸಿ, ಅದನ್ನು ಎಸ್‌ಎಂಎಸ್ ಮೂಲಕವೂ ಕಳಿಸಲಿ. ಆ ಒಂದು ಸಾಲು ಇದ್ದಿದ್ದರೆ ಈ ವಿದ್ಯಾರ್ಥಿನಿ ತನ್ನ ಇಮೇಲ್ ಮುಚ್ಚುವ ಮೊದಲೇ ಖಾತೆಯನ್ನು ಬದಲಿಸಿಕೊಳ್ಳುತ್ತಿದ್ದಳು.

— ರೀಡಿಂಗ್ ರೂಮ್ ನಿರ್ವಾಹಕ, ಸಪ್ತಾಪುರ, ಧಾರವಾಡ