ಬೆರಳು ಮುರಿಯೋ ಕುಸ್ತಿ ನಮಗೆ ಬೇಡ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ದಾವಣಗೆರೆಯವನು, ಮಂಡಕ್ಕಿ ಭಟ್ಟೀಲಿ ಕೆಲಸ. ಮಗ ಒಂಬತ್ತನೇ ಕ್ಲಾಸು, ನಾಲ್ಕು ವರ್ಷದಿಂದ ಗರಡಿಗೆ ಹೋಗ್ತಾನೆ. ಮನೇಲಿ ಯಾರಿಗೆ ಹಾಲು ಇಲ್ದಿದ್ರೂ ಅವನಿಗೆ ಇರುತ್ತೆ. ಕುಸ್ತಿ ಅಂದ್ಮೇಲೆ ಪೆಟ್ಟು ಬೀಳ್ತಾವೆ ಬಿಡು ಅಂತ ಇಷ್ಟು ವರ್ಷ ಸುಮ್ನಿದ್ದೆ, ಇನ್ನು ಆಗಲ್ಲ ಸರ್.

ಹೋದ ತಿಂಗಳು ನಮ್ ಜಿಲ್ಲೇಲೇ ಹುಡುಗರ ಟೂರ್ನಮೆಂಟ್ ಇತ್ತು, ಮ್ಯಾಟ್ ಮೇಲೆ. ಶುರುವಿಗೆ ನನ್ ಮಗ ಕೈ ಚಾಚಿದ, ಎದುರಿನ ಹುಡುಗ ಕೈ ಕೊಡ್ದೆ ಮುಖ ತಿರುಗಿಸಿ ನಿಂತ. ಅದನ್ನ ನುಂಗ್ಕೊಂಡ್ವಿ. ಎರಡನೇ ರೌಂಡಲ್ಲಿ ನಮ್ಮವನು 6-2 ಮುಂದಿದ್ದ, ಆಗ ಆ ಹುಡುಗ ನನ್ ಮಗನ ಕಿರುಬೆರಳು ಒಂದನ್ನೇ ಹಿಡ್ಕೊಂಡು ಹಿಂದಕ್ಕೆ ತಿರುಚಿದ, ನನ್ ಮಗ ಕಿರುಚಿದ್ದು ಹಿಂದಿನ ಸಾಲಲ್ಲಿ ಕೂತಿದ್ದ ನನಗೆ ಕೇಳಿಸ್ತು, ಪಕ್ಕದಲ್ಲಿದ್ದ ರೆಫ್ರಿ ಸೀಟಿ ಊದಲಿಲ್ಲ. ಆ ಹುಡುಗನ ಕೋಚ್ 'ಬಿಡಬ್ಯಾಡಲೇ, ಮುರಿ' ಅಂತ ಕೂಗ್ತಿದ್ರು. ದೊಡ್ಡವರು ಸರ್ ಅವರು, ಹದಿನಾಲ್ಕು ವರ್ಷದ ಮಗೂಗೆ ಹೇಳೋ ಮಾತಾ ಇದು? ಹಿಡಿತ ಸಿಗದೆ ನನ್ ಮಗ ಎರಡೂ ಭುಜ ಮ್ಯಾಟಿಗೆ ತಾಗಿ ಚಿತ್ ಆದ, ಸೋತ. ಎದ್ದು ಎಡಗೈ ಚಾಚಿದ, ಆವಾಗ್ಲೂ ಆ ಹುಡುಗ ಕೈ ಕೊಡ್ಲಿಲ್ಲ. ಬೆರಳಲ್ಲಿ ಕ್ರ್ಯಾಕ್, ಮೂರು ವಾರ ಕಟ್ಟು, ನನಗೆ ನಾಲ್ಕು ದಿನದ ಕೂಲಿ ಹೋಯ್ತು. ಅವತ್ತು ರಾತ್ರಿ ಮಗ ಕೇಳಿದ್ದು, 'ಅಪ್ಪಾಜಿ, ನಾನೂ ಬೆರಳು ತಿರುಚೋದು ಕಲೀಬೇಕಾ?' ಅದಕ್ಕೇ ಈ ಪತ್ರ.

ರೂಲ್ಸ್ ನಿಮಗೆ ಗೊತ್ತೇ ಐತೆ. ಬೆರಳು ತಿರುಚೋದು, ಕಚ್ಚೋದು, ಕೂದಲು ಎಳೆಯೋದು ಫೌಲ್, ರೆಫ್ರಿ ಕೊಡೋ ಎಚ್ಚರಿಕೆ, ಅಂದ್ರೆ ಕಾಷನ್, ಮೂರು ಆದ್ರೆ ಸೋತ ಹಾಗೆ, ತೀರಾ ಕ್ರೂರವಾಗಿ ಆಡಿದ್ರೆ ಅಲ್ಲೇ ಡಿಸ್‌ಕ್ವಾಲಿಫೈ. ಕುಸ್ತಿಗೆ ಮೊದ್ಲೂ ಆಮೇಲೂ ಕೈ ಕುಲುಕಬೇಕು ಅನ್ನೋದೂ ರೂಲೇ. ಈ ರೂಲ್ಸ್ ಪಾಲಿಸೋ ಹಾಗೆ ಮಾಡೋಕೆ ಟ್ರೇನಿಂಗ್ ಆದ ರೆಫ್ರಿ ಬೇಕು ಸರ್, ನಾನು ಕೇಳ್ತಿರೋದು ಅಷ್ಟೇ.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್ಲಲ್ಲಿ ಕಜಕಿಸ್ತಾನದ ಪೈಲ್ವಾನ್ ನಮ್ಮ ರವಿ ದಹಿಯಾ ತೋಳು ಕಚ್ಚಿದ್ದ, ರವಿ ಪಟ್ಟು ಬಿಡದೆ ಅವನನ್ನ ಚಿತ್ ಮಾಡಿದ್ದ. ಆಮೇಲೆ ಅವನೇ ಬಂದು ತಬ್ಕೊಂಡು ಕ್ಷಮೆ ಕೇಳಿದ ಅಂತ ರವೀನೇ ಹೇಳಿದ್ದ. ಇಲ್ಲಿ ನನ್ ಮಗನ ಬೆರಳು ಏನಾಯ್ತು ಅಂತ ಯಾರೂ ಬಂದು ಕೇಳ್ಲಿಲ್ಲ.

ನಮ್ಮಪ್ಪ ನನ್ನನ್ನ ದುಗ್ಗಮ್ಮನ ಜಾತ್ರೆ ಕುಸ್ತಿಗೆ ಹೆಗಲ ಮೇಲೆ ಕೂರಿಸ್ಕೊಂಡು ಹೋಗ್ತಿದ್ರು. ಕಣದ ಮಣ್ಣು ಹಣೆಗೆ ಹಚ್ಕೊಂಡು, ಎದುರಿನವನ ಮೈಗೂ ಮಣ್ಣು ಹಾಕಿ, ಕೈ ಕೊಟ್ಟು ಶುರು ಮಾಡೋರು. ಗೆದ್ದವನು ಸೋತವನನ್ನ ಎಬ್ಬಿಸೋನು. ಅದನ್ನ ನೋಡಿಯೇ ನನ್ ಮಗನ್ನ ಗರಡಿಗೆ ಸೇರಿಸಿದ್ದು.

ಟೂರ್ನಮೆಂಟ್ ಉದ್ಘಾಟನೆಗೆ ನಿಮ್ಮನ್ನೇ ಕರೀತಾರೆ. ಒಪ್ಕೊಳ್ಳೋ ಮೊದ್ಲು ಒಂದು ಮಾತು ಕೇಳಿ, ಟ್ರೇನಿಂಗ್ ಆದ ರೆಫ್ರಿ ಇದಾರಾ ಅಂತ. ಇಲ್ಲ ಅಂದ್ರೆ ಹೋಗಬೇಡಿ. 'ಮುರಿ' ಅನ್ನೋ ಕೋಚನ್ನ ಆಚೆ ಕಳಿಸೋಕೆ ಹೇಳಿ. ರೆಫ್ರಿ ಕೊಡ್ಸಿ ಸರ್, ದಯವಿಟ್ಟು ರೆಫ್ರಿ ಕೊಡ್ಸಿ.

ಕಟ್ಟು ಬಿಚ್ಚಿ ಆಯ್ತು, ಮುಂದಿನ ಟೂರ್ನಮೆಂಟಿಗೆ ಹೆಸರು ಕೊಡ್ತೀನಿ ಅಂತಿದಾನೆ ಮಗ. ನಾನು ಇನ್ನೂ ಹೂಂ ಅಂದಿಲ್ಲ.

ಇಂತಿ,
ಒಬ್ಬ ಕುಸ್ತಿ ಹುಡುಗನ ತಂದೆ, ದಾವಣಗೆರೆ