ತರಗತಿಯ ಮಾತೆಲ್ಲ ಗಲಾಟೆಯಲ್ಲ

ಸಂಪಾದಕರೇ,

ಮುಂಬೈಯ ಒಂದು ಕನ್ನಡ ಶಾಲೆಯಲ್ಲಿ ಏಳನೇ ತರಗತಿಗೆ ಪಾಠ ಮಾಡುತ್ತೇನೆ. ಕಳೆದ ವಾರ ಮಕ್ಕಳು ಚರ್ಚೆ ಮಾಡುತ್ತಿದ್ದಾಗ ಬಾಗಿಲಿಗೆ ಬಂದ ಪೋಷಕರೊಬ್ಬರು "ಏನು ಟೀಚರ್, ಮೀನು ಮಾರ್ಕೆಟ್ಟಾ ಇದು?" ಎಂದರು. ಬೇಜಾರಾಯಿತು, ಅದಕ್ಕೇ ಈ ಪತ್ರ.

ಅವತ್ತಿನ ಪ್ರಶ್ನೆ ಮಳೆಯದ್ದು. ಜೋರು ಮಳೆ ಬಂದರೆ ಕುರ್ಲಾ, ಸಾಯನ್ ಕಡೆ ರೈಲು ಹಳಿ ಮೇಲೆ ನೀರು ಏಕೆ ನಿಲ್ಲುತ್ತದೆ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ ಕತೆಯನ್ನು ಈ ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ. ಮುಂದಿನ ಬೆಂಚಿನ ಮೂವರು ತಕ್ಷಣ ಕೈ ಎತ್ತಿ "ಪ್ಲಾಸ್ಟಿಕ್ ಕಸ" ಎಂದರು. ಮೊದಲಾಗಿದ್ದರೆ ಭೇಷ್ ಎಂದು ಮುಂದೆ ಹೋಗುತ್ತಿದ್ದೆ. ಈಗ ಹಾಗಲ್ಲ. ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿ ಅಂದೆ, ತುಳು, ಮರಾಠಿ, ಹಿಂದಿ, ಯಾವುದಾದರೂ ಸರಿ, ಆಮೇಲೆ ಕನ್ನಡದಲ್ಲಿ ಹೇಳಿದರಾಯಿತು.

ಕೊನೆ ಬೆಂಚಿನ ಹುಡುಗಿ ಜೂನ್‌ನಿಂದ ಬಾಯಿ ಬಿಟ್ಟವಳಲ್ಲ. ಅವಳು ಗೆಳತಿಗೆ ತುಳುವಿನಲ್ಲಿ ಏನೋ ಹೇಳುತ್ತಿದ್ದಳು. ಕೇಳಿದೆ. ಜಡೆ ತುದಿ ಹಿಡಿದುಕೊಂಡೇ ಎದ್ದು ನಿಂತಳು. ಸುಮ್ನೆ ಕಾದೆ. "ಟೀಚರ್, ನಮ್ಮ ಚಾಳಿನ ಪಕ್ಕ ನಾಲಾ ಇದೆ. ಸಮುದ್ರದಲ್ಲಿ ಭರತಿ, ಅಂದರೆ ಉಬ್ಬರ, ಇದ್ದಾಗ ಅದರ ನೀರು ಹೋಗುವುದೇ ಇಲ್ಲ, ತಿರುಗಿ ಮೇಲೆ ಬರುತ್ತದೆ" ಎಂದಳು. ಅಷ್ಟೇ, ತರಗತಿ ಪೂರ್ತಿ ಅವಳತ್ತ ತಿರುಗಿತು, ಒಬ್ಬೊಬ್ಬರೂ ತಮ್ಮ ಗಲ್ಲಿಯ ನೀರಿನ ಕತೆ ತೆಗೆದರು. ಆ ಪೋಷಕರ ಕಿವಿಗೆ ಬಿದ್ದ ಗಲಾಟೆ ಅದೇ.

ನಾವು ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದೇ ಇಲ್ಲ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ನೋಡಿದ್ದರು. ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಜಾಸ್ತಿ ಮಾತಾಡುತ್ತಾರೆ.

ಲಗಾಮು ಮಾತ್ರ ಕೈಯಲ್ಲಿರಬೇಕು, ಒಪ್ಪುತ್ತೇನೆ. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಮಾತು ಕ್ರಿಕೆಟ್ ಕಡೆ ಜಾರಿದರೆ ಬೋರ್ಡಿನ ಮೇಲಿನ ಪ್ರಶ್ನೆಗೆ ಬೆರಳು ತೋರಿಸುತ್ತೇನೆ, ಸಾಕಾಗುತ್ತದೆ.

ಪೋಷಕರಲ್ಲಿ, ಮುಖ್ಯೋಪಾಧ್ಯಾಯರಲ್ಲಿ ಒಂದೇ ವಿನಂತಿ. ಬಾಗಿಲಲ್ಲೇ ನಿಂತು ತೀರ್ಮಾನ ಮಾಡಬೇಡಿ. ಒಳಗೆ ಬಂದು ಕೊನೆ ಬೆಂಚಿನಲ್ಲಿ ಹತ್ತು ನಿಮಿಷ ಕೂತು ಕೇಳಿ.

ಕನ್ನಡ ಶಾಲೆಯ ಶಿಕ್ಷಕಿ, ಮುಂಬೈ