ಕಲಿಕೆಗೆಂದು ಇಟ್ಟ ವೈರಸ್ ಯಾರ ಕೈ ಸೇರಿತು?

ಸಂಪಾದಕರಿಗೆ ನಮಸ್ಕಾರ,

ವೈರಸ್‌ನ ಸೋರ್ಸ್ ಕೋಡ್ ಅನ್ನು, ಅಂದರೆ ಅದನ್ನು ಬರೆದ ಮೂಲ ಪ್ರೋಗ್ರಾಮನ್ನು, ಎಲ್ಲರಿಗೂ ಸಿಗುವಂತೆ ಇಂಟರ್ನೆಟ್‌ನಲ್ಲಿ ಹಾಕಬಹುದೇ? ಕಳ್ಳನ ದಾರಿ ಗೊತ್ತಿದ್ದರೆ ತಾನೇ ಬಾಗಿಲು ಭದ್ರ ಮಾಡೋದು ಎನ್ನುವವರು ಬಹಳ ಮಂದಿ ಇದ್ದಾರೆ. ಕಂಪ್ಯೂಟರ್ ಪಾಠ ಹೇಳುವ ನನಗೂ ಆ ಮಾತು ಅರ್ಥವಾಗುತ್ತದೆ. ಆದರೂ ಓಡಿಸಿದ ಕೂಡಲೇ ಹಾನಿ ಮಾಡುವಂಥ ಪೂರ್ತಿ ಕೋಡ್ ಅನ್ನು ಹೀಗೆ ಬಿಡುವುದು ತಪ್ಪು ಎಂದೇ ನಾನು ಹೇಳುತ್ತೇನೆ.

'ಹಿಡನ್ ಟಿಯರ್' ಕಥೆ ನೋಡಿ. 2015ರ ಆಗಸ್ಟ್‌ನಲ್ಲಿ ಟರ್ಕಿಯ ಭದ್ರತಾ ಸಂಶೋಧಕ ಉಟ್ಕು ಶೆನ್ ಈ ರ‍್ಯಾನ್ಸಮ್‌ವೇರ್ ಅನ್ನು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹಾಕಿದರು. ಫೈಲ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ಜಾತಿಯದು. ಕಲಿಕೆಗೆ ಮಾತ್ರ ಬಳಸಿ, ಇಲ್ಲದಿದ್ದರೆ ಜೈಲಿಗೆ ಹೋಗಬೇಕಾದೀತು ಎಂಬ ಎಚ್ಚರಿಕೆ ಜೊತೆಗೇ ಇತ್ತು. ದುರುಪಯೋಗವಾದರೆ ಲಾಕ್ ಬಿಡಿಸಲು ಆಗಲಿ ಅಂತ ಬೇಕೆಂದೇ ಒಂದು ದೋಷ ಉಳಿಸಿದ್ದೆ ಎಂದು ಅವರು ಆಮೇಲೆ ಹೇಳಿದರು. ಅವರ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ.

ಆದರೆ ಆದದ್ದೇನು? ಅವರದೇ ಇನ್ನೊಂದು ಪ್ರಾಜೆಕ್ಟ್ 'ಇಡಿಎ2'. ಅದರ ಕೋಡ್ ಎತ್ತಿಕೊಂಡು ಯಾರೋ 'ಮ್ಯಾಜಿಕ್' ಎಂಬ ರ‍್ಯಾನ್ಸಮ್‌ವೇರ್ ಮಾಡಿದರು. ಇಲ್ಲಿ ಶೆನ್ ಹಿಂಬಾಗಿಲು, ಅಂದರೆ ತಾವು ಒಳಹೊಕ್ಕು ಕೀ ತೆಗೆಯುವ ಗುಟ್ಟಿನ ದಾರಿ, ಇಟ್ಟಿದ್ದು ಲಾಕ್ ಬಿಡಿಸುವ ಕೀಗಳಿರುವ ಕಂಟ್ರೋಲ್ ಪ್ಯಾನಲ್‌ನಲ್ಲಿ. ದಾಳಿಕೋರರು ಅದನ್ನು ನಡೆಸುತ್ತಿದ್ದದ್ದು ಉಚಿತ ಹೋಸ್ಟಿಂಗ್‌ನಲ್ಲಿ, ಅಂದರೆ ಪುಕ್ಕಟೆ ಸಿಗುವ ಸರ್ವರ್ ಜಾಗದಲ್ಲಿ. ಆ ಖಾತೆ ಬಂದ್ ಆದಾಗ ಅಲ್ಲಿದ್ದ ಕೀಗಳೂ ಅಳಿಸಿಹೋದವು. ಹಿಂಬಾಗಿಲು ಇದ್ದೂ ಪ್ರಯೋಜನವಾಗಲಿಲ್ಲ. 2016ರ ಜನವರಿಯಲ್ಲಿ ದಾಳಿಕೋರರೇ ಮುಂದೆ ಬಂದು, ಹಿಡನ್ ಟಿಯರ್ ತೆಗೆದುಹಾಕಿದರೆ ಕೀ ಕೊಡುತ್ತೇವೆ ಎಂದು ಷರತ್ತು ಹಾಕಿದರು. ಫೈಲ್ ಕಳೆದುಕೊಂಡವರಿಗಾಗಿ ಶೆನ್ ಒಪ್ಪಬೇಕಾಯಿತು. ಅಷ್ಟರಲ್ಲಿ ಕೋಡ್‌ನ ಪ್ರತಿಗಳು ಎಲ್ಲೆಲ್ಲೋ ಹೋಗಿದ್ದವು. ಅದರ ಹೊಸ ಹೊಸ ರೂಪಗಳು ಮುಂದೆಯೂ ಬರುತ್ತಲೇ ಇದ್ದವು.

ಅದೇ ವರ್ಷ ಸೆಪ್ಟೆಂಬರ್ ಕೊನೆಗೆ 'ಮಿರಾಯ್' ಕೋಡ್ ಹೊರಬಿತ್ತು. ಇದು ಇಂಟರ್ನೆಟ್‌ಗೆ ಜೋಡಿಸಿದ ಕ್ಯಾಮೆರಾ, ರೌಟರ್‌ಗಳನ್ನು ವಶಮಾಡಿಕೊಂಡು ಅವುಗಳಿಂದಲೇ ದಾಳಿ ಮಾಡಿಸುವ ಜಾತಿಯದು. ಅಕ್ಟೋಬರ್ 21ರಂದು ಸೈಟ್‌ಗಳ ಹೆಸರಿನಿಂದ ಅವುಗಳ ಇಂಟರ್ನೆಟ್ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ಮಿರಾಯ್ ದಾಳಿ ನಡೆದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೈಟ್‌ಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ತೊಂದರೆಗೆ ಸಿಕ್ಕವು. ಆ ಕೋಡ್ ಅನ್ನು ಹೊರಗೆ ಬಿಟ್ಟವರಿಗೆ ಕಲಿಸುವ ಉದ್ದೇಶವೇನೂ ಇರಲಿಲ್ಲ ಬಿಡಿ.

ಕೋಡ್ ಸಿಕ್ಕರೆ ಲಾಕ್ ಬಿಡಿಸುವ ಟೂಲ್ ಬರೆಯೋದು ಸುಲಭ ಎನ್ನುತ್ತಾರೆ. ನಿಜ. ಆದರೆ ಆ್ಯಂಟಿವೈರಸ್ ಕಂಪನಿಗಳು ಸೋರ್ಸ್ ಕೋಡ್‌ಗಾಗಿ ಕಾದು ಕೂರುವುದಿಲ್ಲ. ಸಿಕ್ಕ ಫೈಲನ್ನೇ ಬಿಚ್ಚಿ ಓದುತ್ತವೆ, ತಮ್ಮತಮ್ಮಲ್ಲಿ ಸ್ಯಾಂಪಲ್ ಹಂಚಿಕೊಳ್ಳುತ್ತವೆ. ಸಿದ್ಧ ಕೋಡ್ ಇಲ್ಲದೆ ಕೈಕಟ್ಟಿ ಕೂರುವವನು ಸ್ವಂತವಾಗಿ ಬರೆಯಲು ಬಾರದ ವಂಚಕ. ಅವನಿಗೆ ನಾವೇ ಯಾಕೆ ಕೊಡಬೇಕು? ನಷ್ಟ ಆಗೋದು ಬ್ಯಾಕಪ್ ಇಟ್ಟುಕೊಳ್ಳದ ಸಣ್ಣ ಅಂಗಡಿಯವರಿಗೆ, ಫೋಟೊ ಸ್ಟುಡಿಯೊದವರಿಗೆ ಅಲ್ವಾ?

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಗೈಡ್‌ಗಳಲ್ಲಿ ನನ್ನದೊಂದು ವಿನಂತಿ. ವಿದ್ಯಾರ್ಥಿಗಳು ರ‍್ಯಾನ್ಸಮ್‌ವೇರ್ ಬಗ್ಗೆ ಖಂಡಿತ ಕಲಿಯಲಿ. ನೆಟ್‌ವರ್ಕ್ ಇಲ್ಲದ ಲ್ಯಾಬ್‌ನಲ್ಲಿ, ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರ್‌ನೊಳಗೇ ಓಡುವ ಪ್ರತ್ಯೇಕ ಕಂಪ್ಯೂಟರ್‌ನಂಥದ್ದು) ಓಡಿಸಿ ನೋಡಲಿ. ಅದನ್ನು ಪತ್ತೆ ಹಚ್ಚುವ ಕೋಡ್ ಬರೆದರೆ ಧಾರಾಳವಾಗಿ ಗಿಟ್‌ಹಬ್‌ಗೆ ಹಾಕಲಿ. ಲಾಕ್ ಮಾಡುವ ಕೋಡ್ ಮಾತ್ರ ಲ್ಯಾಬ್ ಬಿಟ್ಟು ಹೊರಗೆ ಹೋಗದಂತೆ ದಯವಿಟ್ಟು ನೋಡಿಕೊಳ್ಳಿ.

— ಕಂಪ್ಯೂಟರ್ ವಿಜ್ಞಾನ ಅಧ್ಯಾಪಕಿ, ಹಾಸನ